ಗೆಣ್ಣು ಮೇಸ್ತ್ರಿಯ ಕಿವಿ

ನಮ್ಮಣ್ಣನನ್ನು ಎಲ್ಲರೂ ಗೆಣ್ಣು ಮೇಸ್ತ್ರಿ ಅಂತಲೇ ಕರೆಯೋದು. ಅಪ್ಪ ಅಮ್ಮ ಇಟ್ಟ ಹೆಸರು ಕಾಗದಪತ್ರದಲ್ಲಿ ಮಾತ್ರ ಉಳಿದಿದೆ. ಅತ್ತಿಗೆ ಕೂಡ ನನ್ನ ಹತ್ತಿರ, "ನಿಮ್ಮ ಮೇಸ್ತ್ರಿಗೆ ಹೇಳೇ, ಊಟ ಆರಿ ಹೋಗ್ತಿದೆ" ಅಂತಾರೆ. ಕಾರಿಗೆ ಗಾಜು ಕೂರಿಸೋದು ಅವನ ಕೆಲಸ. ಯಾವ ಗಾಜೇ ಬರಲಿ, ಬಲಗೈಯ ನಡುಬೆರಳು ಮಡಚಿ ಗೆಣ್ಣಿನಿಂದ ಮೂರು ಸಲ ತಟ್ಟಿ, ತಲೆ ವಾಲಿಸಿ ಕೇಳಿ, ಆಮೇಲೇ ಬಾಯಿ ಬಿಡುತ್ತಿದ್ದ. ಆ ಗೆಣ್ಣಿನ ಮೇಲೆ ಕಡಲೆಕಾಳಿನಷ್ಟು ಗಂಟು ಕಟ್ಟಿತ್ತು. ಮೂವತ್ತೊಂದು ವರ್ಷ ತಟ್ಟಿದ ಗುರುತು ಅದು.

ನಾನು ಅವನ ತಂಗಿ. ಕಾರಿನ ಸೀಟು ಹೊಲಿಯುತ್ತೇನೆ. ಅಪ್ಪ ಬಿಟ್ಟು ಹೋದ ತಗಡಿನ ಶೆಡ್ಡು ಒಂದೇ. ರಸ್ತೆ ಕಡೆಯ ಅರ್ಧ ಅವನದು, ಹಿಂದಿನ ಅರ್ಧ ನನ್ನದು, ನಡುವೆ ಎದೆಮಟ್ಟದ ಗೋಡೆ. ಅವನ ಕಡೆ ಮರದ ಚೌಕಟ್ಟಿನಲ್ಲಿ ಗಾಜುಗಳು ಪುಸ್ತಕ ಜೋಡಿಸಿದ ಹಾಗೆ ನಿಂತಿರುತ್ತವೆ, ಒಂದು ಗ್ರೈಂಡರ್, ಗಾಳಿ ಊದುವ ಒಂದು ಯಂತ್ರ, ಅಂಟಿನ ಟ್ಯೂಬುಗಳು. ನನ್ನ ಕಡೆ ಮೆಷಿನ್ನು, ಫೋಮು, ರೆಕ್ಸಿನ್ ಸುರುಳಿಗಳು. ಗೋಡೆ ಮೇಲೆ ನಮ್ಮಿಬ್ಬರ ಟೀ ಲೋಟ. ಇಪ್ಪತ್ತೆರಡು ವರ್ಷ ಹೀಗೇ ನಡೆದಿದೆ. ಅವನಿಗೂ ಮೂಗಿನ ತುದಿಯಲ್ಲೇ ಕೋಪ, ನನಗೂ ಅಷ್ಟೆ. ಜಗಳ ಆಡದ ದಿನ ಎದುರಿನ ಪಂಚರ್ ಅಂಗಡಿಯವನು ಬಂದು, "ಏನು, ಇವತ್ತು ಯಾರಿಗಾದ್ರೂ ಹುಷಾರಿಲ್ವಾ?" ಅಂತ ವಿಚಾರಿಸಿಕೊಂಡು ಹೋಗುತ್ತಿದ್ದ.

ಗಾಜಿನ ವಿಷಯ ಸ್ವಲ್ಪ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಮುಂದಿನದು ಅರ್ಥವಾಗೋದಿಲ್ಲ. ಕಾರಿನ ಮುಂದಿನ ಗಾಜು ಎರಡು ಪದರದ್ದು, ನಡುವೆ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಅದನ್ನು ನಾವು ಜೋಡಿ ಅನ್ನುತ್ತೇವೆ. ಕಲ್ಲು ಬಿದ್ದರೆ ಬಿರುಕು ಬಿಡುತ್ತದೆ, ಆದರೆ ಉದುರೋದಿಲ್ಲ. ಪಕ್ಕದ ಕಿಟಕಿಯ ಗಾಜು ಒಂದೇ ಪದರ, ಕಾಯಿಸಿ ಗಟ್ಟಿ ಮಾಡಿದ್ದು. ಅದು ಒಂಟಿ. ತಡೆಯುವಷ್ಟು ದಿನ ಬಂಡೆ, ತಡೆಯದ ದಿನ ಒಂದೇ ಏಟಿಗೆ ಸಾವಿರ ಹರಳು. ಕಾರಿನ ನೆತ್ತಿಯ ಮೇಲೆ ಇರುತ್ತದಲ್ಲ, ಸನ್‌ರೂಫ್ ಗಾಜು, ಅದು ಹೆಚ್ಚಾಗಿ ಒಂಟಿ, ಕೆಲವು ಕಾರುಗಳಲ್ಲಿ ಜೋಡಿ. ತಟ್ಟಿದರೆ ಜೋಡಿ ಗಾಜು ದಪ್ಪಗೆ, ಮಂಕಾಗಿ ಸದ್ದು ಮಾಡುತ್ತದೆ. ಒಂಟಿ ಗಾಜು ಟಿಣ್ ಅನ್ನುತ್ತದೆ.

ಗಾಜಿನ ಮೂಲೆಯಲ್ಲಿ ಸಣ್ಣ ಅಕ್ಷರದ ಮುದ್ರೆ ಇರುತ್ತದೆ, ಓದಲು ಬರುವ ಯಾರಿಗಾದರೂ ಅದು ಒಂಟಿಯೋ ಜೋಡಿಯೋ ಗೊತ್ತಾಗುತ್ತದೆ. ಅಣ್ಣ ಮುದ್ರೆ ನೋಡುತ್ತಿರಲಿಲ್ಲ. ಅದಕ್ಕೊಂದು ಕಾರಣ ಇತ್ತು. ಬಹಳ ಹಿಂದೆ ಒಬ್ಬ ಏಜೆಂಟು ಹನ್ನೆರಡು ಸನ್‌ರೂಫ್ ಗಾಜು ತಂದು ಇಳಿಸಿದ, ಎಲ್ಲದರ ಮೇಲೂ ಜೋಡಿ ಅನ್ನೋ ಮುದ್ರೆ. ಅಣ್ಣ ತಟ್ಟಿದ, "ಇವು ಒಂಟಿ ಕಣಯ್ಯಾ" ಅಂದ. ಏಜೆಂಟು ನಕ್ಕ. ಅಣ್ಣ ಒಂದನ್ನು ಗೋಣಿಚೀಲದಲ್ಲಿ ಸುತ್ತಿ, ರಸ್ತೆಗೆ ತಂದು, ಸುತ್ತಿಗೆಯಿಂದ ಒಂದೇ ಏಟು ಕೊಟ್ಟು, ಚೀಲ ಬಿಚ್ಚಿ ತೋರಿಸಿದ. ಚೀಲದ ತುಂಬ ಹರಳು. ಏಜೆಂಟಿನ ಮುಖ ನೋಡಬೇಕಿತ್ತು. ಅವತ್ತಿನಿಂದ ಗೆಣ್ಣು ಮೇಸ್ತ್ರಿ ಅನ್ನೋ ಹೆಸರು, ಅವತ್ತಿನಿಂದಲೇ ಆ ಹಠ. "ಅಚ್ಚು ಸುಳ್ಳು ಹೇಳುತ್ತೆ, ಸದ್ದು ಹೇಳಲ್ಲ" ಅನ್ನುತ್ತಿದ್ದ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನೋ ಜಾತಿ ಅವನು. ಹಾಗಂತ ಮೋಸಗಾರನಲ್ಲ, ಸೋಮಾರಿಯೂ ಅಲ್ಲ. ನೆತ್ತಿಯ ಒಂಟಿ ಗಾಜು ಚಕ್ಕೆ ಎದ್ದಿದ್ದರೆ ಕಾರಿನ ಬೀಗದ ಕೈಯನ್ನೇ ವಾಪಸ್ಸು ಕೊಡುತ್ತಿರಲಿಲ್ಲ. "ತಲೆ ಮೇಲೆ ಆಲಿಕಲ್ಲು ಇಟ್ಕೊಂಡು ಹೋಗ್ತೀರಾ? ಬಿಸಿಲು ಏರಿದ್ರೆ ಸಾಕು, ಬಾಗಿಲು ಜೋರಾಗಿ ಹಾಕಿದ್ರೆ ಸಾಕು, ಚಕ್ರ ಗುಂಡಿಗೆ ಇಳಿದ್ರೆ ಸಾಕು. ಅದು ಹೇಳಿ ಕೇಳಿ ಒಡೆಯಲ್ಲ. ಒಡೆದಾಗ ಗಾಜಿಗಿಂತ ಆ ಸದ್ದಿಗೆ ಬೆಚ್ಚಿ ಸ್ಟೇರಿಂಗ್ ಬಿಡ್ತೀರಲ್ಲ, ಅದು ಕೊಲ್ಲೋದು" ಅನ್ನುತ್ತಿದ್ದ. ಬೈದುಕೊಂಡು ಬಸ್ಸು ಹತ್ತಿ ಹೋದವರು ಎಷ್ಟೋ ಜನ. ಒಂದು ವಾರ ಬಿಟ್ಟು ಬಂದು ಕಾರು ತಗೊಂಡು ಹೋಗುತ್ತಿದ್ದರು.

ಅಂಥವನ ಕಿವಿ ಹೋಗುತ್ತಾ ಬಂತು.

ಒಂದೇ ದಿನ ಹೋಗಿದ್ದರೆ ಚೆನ್ನಾಗಿತ್ತು, ಎಲ್ಲರಿಗೂ ಗೊತ್ತಾಗುತ್ತಿತ್ತು. ಮೂವತ್ತು ವರ್ಷ ಗ್ರೈಂಡರ್ ಪಕ್ಕ ನಿಂತವನಿಗೆ ಬಲಕಿವಿ ಮೊದಲು ಮಂಕಾಯಿತು. ಎಡಕಿವಿಗೆ ಮಾತು ಕೇಳುತ್ತಿತ್ತು, ಆದರೆ ತೆಳುವಾದ ಸದ್ದುಗಳು ಕೇಳುತ್ತಿರಲಿಲ್ಲ. ಕುಕ್ಕರ್ ಸೀಟಿ ಹೊಡೆದರೆ ಅತ್ತಿಗೆಯೇ ಎದ್ದು ಹೋಗಬೇಕು. ಫೋನು ಬಲಗೈಯಲ್ಲಿ ಹಿಡಿದು ಎಡಕಿವಿಗೆ ತರುತ್ತಿದ್ದ, ನೋಡಿದರೆ ನಗು ಬರೋ ಹಾಗೆ. ಗಿರಾಕಿ ಏನು ಹೇಳಿದರೂ "ಹೂಂ ಹೂಂ, ಆಯ್ತು" ಅಂದು, ಆಮೇಲೆ ಗೋಡೆಯ ಮೇಲಿಂದ ಬಗ್ಗಿ, "ಏನಂತೆ ಅವನದು?" ಅಂತ ನನ್ನನ್ನು ಕೇಳುತ್ತಿದ್ದ. ನಾನು ಹೇಳುತ್ತಿದ್ದೆ. ಒಂದು ದಿನ ಸುಮ್ಮನೆ ಮೆಷಿನ್ನನ್ನು ಗೋಡೆಯ ಆ ತುದಿಯಿಂದ ಈ ತುದಿಗೆ, ಅವನ ಎಡಗಡೆಗೆ ಬರುವ ಹಾಗೆ ಎಳೆದು ಹಾಕಿದೆ. ಕಾರಣ ಕೇಳಿದ. "ಬೆಳಕು ಚೆನ್ನಾಗಿದೆ" ಅಂದೆ. ಅವನೂ ನಂಬಿದ ಹಾಗೆ ಮಾಡಿದ.

ಒಂದು ಸಲ ಮಾತ್ರ ಬಾಯಿ ಬಿಟ್ಟಿದ್ದೆ. ಕಿಟಕಿ ಗಾಜೊಂದನ್ನು ತಟ್ಟಿ ಅವನು ತಡವರಿಸಿದಾಗ, ಗಿರಾಕಿ ಎದುರಿಗೇ, "ಒಂಟಿ ಅಲ್ವೇನೋ ಅಣ್ಣ, ಇಲ್ಲಿವರೆಗೆ ಕೇಳ್ತು" ಅಂದುಬಿಟ್ಟೆ. ಅವನ ಕಿವಿಯ ತುದಿ ಕೆಂಪಾಯಿತು. "ಸೀಟು ಹೊಲಿಯೋಳು ಸೀಟು ಹೊಲಿ" ಅಂದ. ನಾಲ್ಕು ದಿನ ಮಾತಿಲ್ಲ ಕತೆಯಿಲ್ಲ, ಟೀ ಲೋಟ ಗೋಡೆಯ ಮೇಲೆ ಇಡದೆ ಕಿಟಕಿಯಲ್ಲಿ ಇಟ್ಟ. ಐದನೇ ದಿನ ಅವನೇ ಸರಿಹೋದ. ಆದರೆ ನಾನು ಪಾಠ ಕಲಿತೆ. ಮಾತು ಬೆಳ್ಳಿ, ಮೌನ ಬಂಗಾರ ಅನ್ನುತ್ತಾರಲ್ಲ. ಆ ಗಾದೆ ಕಟ್ಟಿದವನು ಸಿಕ್ಕಿದರೆ ಎರಡು ಮಾತು ಕೇಳುವುದಿದೆ ನನಗೆ.

ಕಾರು ತಂದ ಹೆಂಗಸನ್ನು ಎಲ್ಲರೂ ನರ್ಸಮ್ಮ ಅನ್ನುತ್ತಿದ್ದರು. ನಲವತ್ತೈದರ ಆಸುಪಾಸು, ಸಣ್ಣ ಆಳು, ದೊಡ್ಡ ಚೀಲ. ಹಾಸಿಗೆ ಹಿಡಿದವರ ಮನೆ ಮನೆಗೆ ಹೋಗಿ ಇಂಜೆಕ್ಷನ್ ಕೊಡೋದು, ಗಾಯಕ್ಕೆ ಪಟ್ಟಿ ಬದಲಿಸೋದು, ಮೂತ್ರದ ನಳಿಕೆ ಹಾಕೋದು ಅವರ ಕೆಲಸ. ಬಸ್ಸಲ್ಲಿ ತಿರುಗಿ ತಿರುಗಿ ಮಂಡಿ ಸವೆದ ಮೇಲೆ ಯಾರೋ ಓಡಿಸಿ ಬಿಟ್ಟ ಕಾರೊಂದನ್ನು ಕೊಂಡಿದ್ದರು. "ಆಕಾಶ ನೋಡೋಕೆ ಪುರುಸೊತ್ತು ಇದ್ದೋರು ಕೊಂಡಿದ್ದ ಕಾರು ಮೇಸ್ತ್ರಿ, ಪುರುಸೊತ್ತಿಲ್ಲದವಳ ಪಾಲಿಗೆ ಬಂತು" ಅಂದರು, ಸನ್‌ರೂಫ್ ತೋರಿಸಿ. ಕಟ್ಟಡ ಕಟ್ಟುವ ಜಾಗದ ಕೆಳಗೆ ನಿಲ್ಲಿಸಿದ್ದಾಗ ಮೇಲಿಂದ ಟೈಲ್ಸಿನ ಚೂರು ಬಿದ್ದಿತ್ತು. ಗಾಜಿನ ಅಂಚಿನ ಹತ್ತಿರ ಬೆರಳುಗುರಿನಷ್ಟು ಚಕ್ಕೆ ಎದ್ದು, ಅಲ್ಲಿಂದ ಕೂದಲಿನಂಥ ಒಂದು ಗೆರೆ ಹೊರಟಿತ್ತು.

"ಓಡಿಸಬಹುದಾ ಅದೊಂದು ಹೇಳಿಬಿಡಿ. ದಿನಕ್ಕೆ ಹನ್ನೊಂದು ಮನೆ ಇದೆ ನನಗೆ. ಹೋಗದಿದ್ರೆ ಆ ರೋಗಿಗಳಿಗೆ ಹೊರಳೋಕೂ ಆಗಲ್ಲ."

ಅಣ್ಣ ಸ್ಟೂಲು ಹತ್ತಿ ಗೆಣ್ಣು ಮಡಚಿದ. ನಾನು ಮೆಷಿನ್ನು ನಿಲ್ಲಿಸಿ ದಾರ ಪೋಣಿಸುತ್ತಿದ್ದೆ. ಶೆಡ್ಡಿನಲ್ಲಿ ಬೇರೆ ಸದ್ದಿರಲಿಲ್ಲ. ಮೂರು ಸಲ ತಟ್ಟಿದ. ಮೂರು ಸಲವೂ ಟಿಣ್ ಅಂತು. ಅಷ್ಟು ದೂರಕ್ಕೆ, ಗೋಡೆಯ ಈಚೆಗೆ, ನನಗೆ ಕೇಳಿಸಿತು. ಅಣ್ಣ ತಲೆ ವಾಲಿಸಿ, ಇನ್ನೊಂದು ಸಲ ತಟ್ಟಿ, ಇಳಿದ.

"ಜೋಡಿ ಗಾಜು" ಅಂದ. "ಒಂಟಿ ಆಗಿದ್ರೆ ಇಷ್ಟೊತ್ತಿಗೆ ಉದುರಿರೋದು. ಗೆರೆ ಬಿಟ್ಟು ನಿಂತಿದೆ ಅಂದ್ರೆ ನಡುವೆ ಹಾಳೆ ಹಿಡ್ಕೊಂಡಿದೆ. ಹೊಸ ಗಾಜು ಬರೋಕೆ ಎಂಟು ದಿನ. ಚಕ್ಕೆಗೆ ಅಂಟು ತುಂಬಿ ಕೊಡ್ತೀನಿ, ಅಲ್ಲಿವರೆಗೆ ಓಡಿಸಿ."

ಹೊರಗಿನವರಿಗೆ ಇದು ತರ್ಕಬದ್ಧವಾಗಿಯೇ ಕಾಣುತ್ತದೆ. ಗಾಜಿನ ಕೆಲಸ ಗೊತ್ತಿದ್ದವನು ಮಾತ್ರ ಮಾಡಬಹುದಾದ ತಪ್ಪು ಅದು. ಒಂಟಿ ಗಾಜಿನ ಮೇಲಿನ ಚಕ್ಕೆ, ಗೀರು ಆಳಕ್ಕೆ ಇಳಿಯದಿದ್ದರೆ ಅದು ದಿನಗಟ್ಟಲೆ ಒಡೆಯದೆ ನಿಲ್ಲುತ್ತದೆ. ಅದು ಅಣ್ಣನಿಗೂ ಗೊತ್ತಿತ್ತು, ನೂರು ಜನಕ್ಕೆ ಅವನೇ ಹೇಳಿದ್ದ. ಆದರೆ ಟಿಣ್ ಕೇಳದ ಕಿವಿ ಜೋಡಿ ಅಂದ ಮೇಲೆ ತಲೆ ಅದಕ್ಕೆ ತಕ್ಕ ಕಾರಣ ಹುಡುಕಿಕೊಂಡಿತು. ಮೂಲೆಯ ಮುದ್ರೆ ಗಾಜಿನ ಅಂಚಿನ ಕಪ್ಪು ಪಟ್ಟಿಯ ಮೇಲೆ, ಅವನ ಕೈಯಿಂದ ಒಂದು ಗೇಣು ದೂರದಲ್ಲಿತ್ತು. ಧೂಳು ಒರೆಸಿದರೆ ಕಾಣುತ್ತಿತ್ತು.

ನಾನು ಸೂಜಿ ಹಿಡಿದುಕೊಂಡು ಕೂತಿದ್ದೆ. ನಾಲಿಗೆ ತುದಿಗೆ ಬಂದಿತ್ತು. ಪಕ್ಕದಲ್ಲಿ ಒಬ್ಬ ಹೆಂಗಸು ನಿಂತಿದ್ದಾರೆ, ಅವರ ಎದುರಿಗೆ ಅಣ್ಣನ ಮುಖ ಕೆಂಪಾಗುತ್ತದೆ, ಮತ್ತೆ ನಾಲ್ಕು ದಿನ ಲೋಟ ಕಿಟಕಿಗೆ ಹೋಗುತ್ತದೆ. ನನ್ನ ಕಿವಿಯೇ ತಪ್ಪಿರಬಹುದು ಅಂದುಕೊಂಡೆ. ಅವರು ಹೋದ ಮೇಲೆ ಮೆಲ್ಲಗೆ ಹೇಳಿದರಾಯಿತು ಅಂದುಕೊಂಡೆ. ಮನುಷ್ಯ ತನಗೆ ತಾನೇ ಹೇಳಿಕೊಳ್ಳುವ ಸುಳ್ಳಿಗೆ ಲೆಕ್ಕ ಇಲ್ಲ.

ಅಷ್ಟೇ ಆಗಿದ್ದರೂ ಒಂದು ಮಾತು. ಸನ್‌ರೂಫಿನ ಕೆಳಗೆ, ಒಳಗಡೆ, ಎಳೆದುಕೊಳ್ಳುವ ಪರದೆ ಇರುತ್ತದಲ್ಲ, ಅದರ ಬಟ್ಟೆ ಜೋತುಬಿದ್ದಿತ್ತು. ನರ್ಸಮ್ಮ ನನ್ನ ಹತ್ತಿರ ಬಂದು, "ಹೇಗೂ ಬಂದಿದ್ದೀನಿ, ಇದಕ್ಕೊಂದು ಬಟ್ಟೆ ಹಾಕಿಕೊಡಿ ಅಕ್ಕ, ತಲೆಗೆ ತಾಗುತ್ತೆ" ಅಂದರು. ಬಿಚ್ಚಿ ಇಟ್ಟುಕೊಂಡೆ. "ಹೊಸ ಗಾಜು ಹಾಕುವಾಗ ಒಟ್ಟಿಗೆ ಹಾಕಿಕೊಡ್ತೀನಿ" ಅಂದೆ. ಗಾಜು ಉದುರಿದರೆ ತಡೆಯೋಕೆ ಇದ್ದದ್ದು ಆ ಒಂದು ಬಟ್ಟೆ. ಅದನ್ನು ನನ್ನ ಕೈಯಾರೆ ತೆಗೆದೆ, ಆಗಷ್ಟೇ ಟಿಣ್ ಅಂದದ್ದನ್ನು ಕೇಳಿದವಳು. ಅವರು ನನಗೆ ಥ್ಯಾಂಕ್ಸ್ ಹೇಳಿ ಹೋದರು.

ಅವರು ಹೋದ ಮೇಲೆ ಅಣ್ಣನಿಗೆ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಮೂರನೇ ದಿನ ಅವರ ಕಾರು ನಮ್ಮ ಅಂಗಡಿ ಮುಂದೆ ಹಾದು ಹೋಯಿತು, ಗಾಜು ನೆಟ್ಟಗೆ ಇತ್ತು, ನನ್ನ ಜೀವ ಸ್ವಲ್ಪ ತಣ್ಣಗಾಯಿತು. ನೋಡಿದೆಯಾ, ಸುಮ್ಮನೆ ಹೆದರಿದ್ದೆ ಅಂದುಕೊಂಡೆ.

ಐದನೇ ದಿನ ಮಧ್ಯಾಹ್ನ, ಉದ್ದನೆಯ ಸೇತುವೆಯ ಮೇಲೆ, ಅದು ಒಡೆಯಿತು. ಬಿಸಿಲು ಏರಿತ್ತು, ಪಕ್ಕದಲ್ಲಿ ದೊಡ್ಡ ಲಾರಿಯೊಂದು ಗಾಳಿ ನುಗ್ಗಿಸಿಕೊಂಡು ಹೋಯಿತಂತೆ. ಮೊದಲು ಪಟಪಟ ಅಂತ ಸಣ್ಣ ಸದ್ದು. ಏನದು ಅಂತ ನರ್ಸಮ್ಮ ತಲೆ ಎತ್ತಿ ನೋಡಿದರು. ಯಾರಾದರೂ ನೋಡುತ್ತಾರೆ. ಅದೇ ಹೊತ್ತಿಗೆ ಬಂದೂಕು ಹೊಡೆದ ಹಾಗೆ ಸದ್ದಾಗಿ ಇಡೀ ಗಾಜು ಮುಖದ ಮೇಲೆ ಸುರಿಯಿತು. ಕಾರು ಸೇತುವೆಯ ಕಟ್ಟೆಗೆ ಉಜ್ಜಿಕೊಂಡು ಹೋಯಿತು. ಹಿಂದಿನ ಬಸ್ಸಿನವನು ಬ್ರೇಕು ಹಾಕಿದ್ದಕ್ಕೆ ಪ್ರಾಣ ಉಳಿಯಿತು. ನರ್ಸಮ್ಮ ಒಂದು ಕಣ್ಣು ಮುಚ್ಚಿಕೊಂಡು, ಇನ್ನೊಂದರಲ್ಲಿ ರಕ್ತ ಇಳಿಯುತ್ತಿದ್ದರೂ, ಗಾಡಿ ಬದಿಗೆ ತಂದು ನಿಲ್ಲಿಸಿ, ಮುಂದಿನ ಮನೆಯವರಿಗೆ ಫೋನು ಮಾಡಿ "ಇವತ್ತು ಬರೋಕಾಗಲ್ಲ" ಅಂದರಂತೆ.

ಮರುದಿನ ಕಾರನ್ನು ಎಳೆದುಕೊಂಡು ಬಂದವರು ನಮ್ಮ ಶೆಡ್ಡಿಗೇ ತಂದರು. ಇನ್ನೆಲ್ಲಿಗೆ ತರುತ್ತಾರೆ. ಎಳೆದು ತಂದವನು ಬೀಗದ ಕೈ ತರಲು ಆಸ್ಪತ್ರೆಗೆ ಹೋಗಿ ಬಂದಿದ್ದ, ಅವನೇ ಆ ಕತೆಯೆಲ್ಲ ಹೇಳಿದ. ಎಡಗಣ್ಣಿಗೆ ಆಪರೇಷನ್ ಆಗಿದೆ, ಮೂರು ದಿನ ಬಿಟ್ಟು ಪಟ್ಟಿ ಬಿಚ್ಚುತ್ತಾರೆ, ಉಳಿಯುತ್ತೋ ಇಲ್ಲವೋ ಡಾಕ್ಟರಿಗೂ ಗೊತ್ತಿಲ್ಲ ಅಂದ. ಆಮೇಲೆ, "ಪಾಪ, ತಾನೇ ತಪ್ಪು ಮಾಡಿದೆ ಅಂತ ಅಳ್ತಿದ್ರು. ಕೊನೇ ಮನೆ ಹತ್ರ ಬಾಗಿಲು ಜೋರಾಗಿ ಹಾಕಿದ್ರಂತೆ, ಮೇಸ್ತ್ರಿ ಅಷ್ಟು ಚೆನ್ನಾಗಿ ಮಾಡಿಕೊಟ್ಟಿದ್ರು, ನಾನೇ ಕೆಡಿಸಿಕೊಂಡೆ ಅಂದ್ರು" ಅಂದ. ಅವನು ಬಹಳ ಜೋರಾಗಿ ಮಾತಾಡುವವನು. ಅಣ್ಣನಿಗೆ ಒಂದೊಂದು ಮಾತೂ ಕೇಳಿಸಿತು.

ಅಣ್ಣ ಕಾರಿನ ಬಾಗಿಲು ತೆಗೆದ. ಸೀಟಿನ ಹೊಲಿಗೆಯ ಸಂದಿಗಳಲ್ಲಿ, ಗೇರಿನ ಬುಡದಲ್ಲಿ, ಪಕ್ಕದ ಸೀಟಿನ ಮೇಲಿದ್ದ ಹತ್ತಿಯ ಕಟ್ಟಿನ ಮೇಲೆ, ಎಲ್ಲ ಕಡೆ ಹರಳು. ಒಂದು ಮುಷ್ಟಿ ತೆಗೆದು ಅಂಗೈಯಲ್ಲಿ ಹರಡಿ ನೋಡಿದ. ನೋಡಬೇಕಾದ ಅಗತ್ಯ ಇರಲಿಲ್ಲ. ಜೋಡಿ ಗಾಜು ಹೀಗೆ ಹರಳಾಗಿ ಸುರಿಯೋದೇ ಇಲ್ಲ. ಆಮೇಲೆ ಸ್ಟೂಲು ಹತ್ತಿ, ಚೌಕಟ್ಟಿಗೆ ಅಂಟಿಕೊಂಡು ಉಳಿದಿದ್ದ ಮೂಲೆಯ ಚೂರನ್ನು ಬಟ್ಟೆಯಿಂದ ಒರೆಸಿದ. ಮುದ್ರೆ ಇತ್ತು. ಕನ್ನಡಕ ಮೇಲೆ ಮಾಡಿ, ಕೆಳಗೆ ಮಾಡಿ ಓದಿದ. ಬಹಳ ಹೊತ್ತು ಓದಿದ. ಇದ್ದದ್ದು ಎಂಟು ಇಂಗ್ಲಿಷ್ ಅಕ್ಷರ, ಒಂಟಿ ಅಂತ.

ಇಳಿದು ಬಂದು ಗೋಡೆಯ ಹತ್ತಿರ ನಿಂತ. "ಅವತ್ತು ನೀನು ಇಲ್ಲೇ ಇದ್ದೆಯಲ್ಲ" ಅಂದ. "ನಾನು ತಟ್ಟಿದಾಗ. ಹೇಗೆ ಕೇಳಿಸಿತು ನಿನಗೆ?"

ಅವನು ನನ್ನನ್ನು ಗಾಜಿನ ವಿಷಯ ಕೇಳಿದ್ದು ಇಪ್ಪತ್ತೆರಡು ವರ್ಷದಲ್ಲಿ ಅದೇ ಮೊದಲು. ಮುಖ ನೋಡಿದೆ. ಕೋಪ ಇರಲಿಲ್ಲ, ಹಠ ಇರಲಿಲ್ಲ, ಏನೂ ಇರಲಿಲ್ಲ. ದಾರಿ ತಪ್ಪಿದವನು ಅಂಗಡಿಯವನ ಹತ್ತಿರ ದಾರಿ ಕೇಳೋ ಹಾಗೆ ಕೇಳಿದ್ದ. ಆಗಲಾದರೂ ಹೇಳಬಹುದಿತ್ತು.

"ಮೆಷಿನ್ ಓಡ್ತಿತ್ತು" ಅಂದೆ. "ಕೇಳಿಸಲಿಲ್ಲ."

ಅವನು ತಲೆ ಆಡಿಸಿದ. ನರ್ಸಮ್ಮನ ಪರದೆ ನನ್ನ ಮೇಜಿನ ಮೇಲೆ, ಅರ್ಧ ಹೊಲಿದದ್ದು, ಬಿದ್ದಿತ್ತು. ಅವನು ಅದನ್ನೂ ನೋಡಿದ.

ಆ ಸಂಜೆ ಮನೆಯಲ್ಲಿ ಜಗಳ ಆಯಿತು. ಅಣ್ಣ ಅತ್ತಿಗೆಯ ಮುಂದೆ, ನನ್ನ ಮುಂದೆ, ತನ್ನ ಕಿವಿಯ ವಿಷಯ ಹೇಳಿದ. ಎರಡು ವರ್ಷದಿಂದ ಹೀಗಿದೆ, ಯಾರಿಗೂ ಹೇಳಿಲ್ಲ, ಕಿವಿ ಹೋದ ಗೆಣ್ಣು ಮೇಸ್ತ್ರಿಯ ಹತ್ತಿರ ಯಾರು ಬರುತ್ತಾರೆ ಅಂತ ಹೆದರಿದೆ ಅಂದ. ನಾಳೆ ಆಸ್ಪತ್ರೆಗೆ ಹೋಗಿ ಆಕೆಗೆ ನಿಜ ಹೇಳಿಬಿಡುತ್ತೇನೆ ಅಂದ. ಅತ್ತಿಗೆ ಸೆರಗಿನಲ್ಲಿ ಕಣ್ಣು ಒತ್ತಿಕೊಂಡರು. ಹಾರಾಡಿದವಳು ನಾನು.

"ತಲೆ ನೆಟ್ಟಗಿದೆಯಾ ನಿನಗೆ? ಆಕೆ ತಾನೇ ತಪ್ಪು ಮಾಡಿದೆ ಅಂತಿದ್ದಾಳೆ. ಹೋಗಿ ಹೇಳಿದ್ರೆ ಕಣ್ಣು ಬರುತ್ತಾ? ಮಿಂಚಿ ಹೋದ ಕಾರ್ಯಕ್ಕೆ ಚಿಂತಿಸಿ ಫಲ ಏನು? ಸುಮ್ಮನೆ ಬಾಯಿ ಮುಚ್ಕೊಂಡು ಇರು, ಹೊಸ ಗಾಜು ಹಾಕಿಕೊಡು, ಬೇಕಾದ್ರೆ ಹಣ್ಣು ತಗೊಂಡು ಹೋಗಿ ನೋಡ್ಕೊಂಡು ಬಾ."

"ಆಕೆ ತನ್ನ ಕೈಯನ್ನ ಬೈಕೋತಿದ್ದಾಳೆ" ಅಂದ ಅಣ್ಣ. "ಬಾಗಿಲು ಹಾಕಿದ ಕೈಯನ್ನ. ಆ ಕೈಯಲ್ಲೇ ನಾಳೆ ಜನರಿಗೆ ಸೂಜಿ ಚುಚ್ಚಬೇಕು. ಕಣ್ಣಂತೂ ನಾನು ಕೊಡಕ್ಕಾಗಲ್ಲ. ಇದನ್ನಾದ್ರೂ ಇಳಿಸಿ ಬರ್ತೀನಿ."

"ಊರಿಗೆಲ್ಲ ನೀನೊಬ್ಬನೇ ಸತ್ಯವಂತ."

"ಅಲ್ಲ. ಆಗಿದ್ರೆ ಎರಡು ವರ್ಷದ ಹಿಂದೆ ಹೇಳ್ತಿದ್ದೆ."

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಅಂತಾರಲ್ಲ, ಹಾಗಿತ್ತು ನನ್ನ ಹಾರಾಟ. ಅದು ಅಣ್ಣನನ್ನು ಉಳಿಸಲು ಅಂತ ಅತ್ತಿಗೆ ತಿಳಿದುಕೊಂಡರು. ಅವರು ನನ್ನ ಬೆನ್ನು ಸವರಿದರು. ನೀರು ಕುಡಿಯುವ ನೆಪ ಮಾಡಿ ನಾನು ಎದ್ದು ಹೋದೆ.

ಅಣ್ಣ ಎರಡು ದಿನ ಆಸ್ಪತ್ರೆಗೆ ಹೋದ, ಎರಡು ದಿನವೂ ಒಳಗೆ ಬಿಡಲಿಲ್ಲ. ಮೂರನೇ ದಿನ ಬೆಳಿಗ್ಗೆ ಬಿಡುತ್ತಾರೆ ಅಂತ ಗೊತ್ತಾಯಿತು. ಅವನಿಗೆ ಅಲ್ಲಿಯವರ ಮಾತು ಸರಿಯಾಗಿ ಕೇಳಿಸೋದಿಲ್ಲ, ನೀನು ಜೊತೆಗೆ ಹೋಗು ಅಂದರು ಅತ್ತಿಗೆ. ಹೋಗಲೇಬೇಕಾಯಿತು.

ಎಂಟು ಹಾಸಿಗೆಯ ವಾರ್ಡು. ಕಿಟಕಿಗೆ ಹಸಿರು ಪರದೆ, ಫಿನಾಯಿಲ್ ವಾಸನೆ, ಕಬ್ಬಿಣದ ಮಂಚದ ತಲೆಗೆ ತೂಗುಹಾಕಿದ ಹಾಳೆಗಳು. ನರ್ಸಮ್ಮ ದಿಂಬಿಗೆ ಒರಗಿ ಕೂತಿದ್ದರು. ಎಡಗಣ್ಣಿನ ಮೇಲೆ ಪಟ್ಟಿ, ಹಣೆಯಲ್ಲಿ, ಕೆನ್ನೆಯಲ್ಲಿ ಸಣ್ಣ ಸಣ್ಣ ಗೀರುಗಳು. ಪಕ್ಕದ ಮಂಚದ ಮುದುಕಿಗೆ ಬಾಯಿಂದಲೇ ಹೇಳಿಕೊಡುತ್ತಿದ್ದರು, ಕಣ್ಣಿಗೆ ಹನಿ ಹಾಕಿಕೊಳ್ಳುವಾಗ ತಲೆ ಹೇಗೆ ಇಟ್ಟುಕೊಳ್ಳಬೇಕು ಅಂತ. ಅಣ್ಣನನ್ನು ಕಂಡು, "ಅಯ್ಯೋ, ಕೆಲಸ ಬಿಟ್ಟು ಬಂದ್ರಾ ಮೇಸ್ತ್ರಿ? ಕೂತ್ಕೊಳ್ಳಿ" ಅಂತ ಸ್ಟೂಲು ತೋರಿಸಿದರು. ಒಂದೇ ಸ್ಟೂಲು ಇತ್ತು. ಅಣ್ಣ ಕೂತ. ನಾನು ಮಂಚದ ಕಾಲ ಕಡೆ ನಿಂತೆ.

ಅಣ್ಣ ಸುತ್ತು ಬಳಸಿ ಹೇಳುವವನಲ್ಲ. "ನೀವು ಬಾಗಿಲು ಹಾಕಿದ್ದಕ್ಕೆ ಒಡೆದಿದ್ದಲ್ಲ ಅಮ್ಮ" ಅಂದ. "ಅದು ಒಂಟಿ ಗಾಜು. ಓಡಿಸಲೇಬಾರದಿತ್ತು. ನಾನು ಜೋಡಿ ಅಂದೆ. ನನಗೆ ಕಿವಿ ಕೇಳಲ್ಲ. ಎರಡು ವರ್ಷದಿಂದ ಕೇಳಲ್ಲ. ಮುದ್ರೆ ನೋಡಿದ್ರೆ ಗೊತ್ತಾಗ್ತಿತ್ತು, ನೋಡಲಿಲ್ಲ. ಜಂಬ. ನಿಮ್ಮ ತಪ್ಪು ಇದರಲ್ಲಿ ಒಂದು ಕೂದಲಷ್ಟೂ ಇಲ್ಲ."

ನರ್ಸಮ್ಮ ಬಲಗೈಯನ್ನು ಎಡಗೈಯಿಂದ ಹಿಡಿದುಕೊಂಡು ಕೂತಿದ್ದರು. ಪಕ್ಕದ ಮುದುಕಿ ಮುಖ ಆಚೆ ತಿರುಗಿಸಿಕೊಂಡಳು.

"ಎರಡು ವರ್ಷ" ಅಂದರು ಕೊನೆಗೆ. ದನಿ ಗಟ್ಟಿಯಾಗಿಯೇ ಇತ್ತು. "ಕಿವಿ ಕೇಳದವರ ಮನೇಲಿ ನಾನು ದಿನಾ ಕೆಲಸ ಮಾಡ್ತೀನಿ ಮೇಸ್ತ್ರಿ. ಒಬ್ಬರ ಕಿವಿ ಹೋದ್ರೆ ಅಕ್ಕಪಕ್ಕ ಇರೋರಿಗೆ ಮೊದಲು ಗೊತ್ತಾಗುತ್ತೆ. ನಿಮ್ಮ ಜೊತೆ ಇರೋರು ಯಾರೂ ಹೇಳಲಿಲ್ವಾ?"

"ಯಾರಿಗೂ ಗೊತ್ತಿರಲಿಲ್ಲ" ಅಂದ ಅಣ್ಣ. "ಮುಚ್ಚಿಟ್ಟಿದ್ದೆ. ನನ್ನ ಮನೆಯವರನ್ನ ಏನೂ ಅನ್ನಬೇಡಿ."

ಅವನು ನನ್ನ ಕಡೆ ತಿರುಗಲಿಲ್ಲ. ಅವನಿಗೆ ಗೊತ್ತಿತ್ತೋ ಇಲ್ಲವೋ, ಇವತ್ತಿಗೂ ನಾನು ಕೇಳಿಲ್ಲ. ಮೆಷಿನ್ನು ಎಳೆದು ಹಾಕಿದ್ದನ್ನು, ಗಿರಾಕಿಗಳ ಮಾತನ್ನು ನಾನು ತಿರುಗಿ ಹೇಳುತ್ತಿದ್ದದ್ದನ್ನು ಅವನು ನೋಡಿಲ್ಲವಾ? ನನ್ನ ಕೈ ಮಂಚದ ಕಬ್ಬಿಣ ಹಿಡಿದಿತ್ತು, ತಣ್ಣಗಿತ್ತು. ಇನ್ನೊಂದು ನಿಮಿಷ ಸುಮ್ಮನಿದ್ದಿದ್ದರೆ ಎಲ್ಲ ಅಲ್ಲಿಗೇ ಮುಗಿಯುತ್ತಿತ್ತು, ನನ್ನ ಜನ್ಮದಲ್ಲಿ ಯಾರೂ ನನ್ನನ್ನು ಆ ಪ್ರಶ್ನೆ ಕೇಳುತ್ತಿರಲಿಲ್ಲ.

"ನನಗೆ ಗೊತ್ತಿತ್ತು" ಅಂದೆ. "ಅವತ್ತು ಮೆಷಿನ್ ಓಡ್ತಿರಲಿಲ್ಲ. ಅಣ್ಣ ತಟ್ಟಿದ್ದು ನನಗೆ ಕೇಳಿಸಿತು. ಒಂಟಿ ಗಾಜು ಅಂತ ಗೊತ್ತಾಯ್ತು. ಸುಮ್ಮನಿದ್ದೆ. ಆಮೇಲೆ ನಿಮ್ಮ ಪರದೆಯನ್ನೂ ಬಿಚ್ಚಿಟ್ಟುಕೊಂಡೆ."

ಅಳು ಬರುತ್ತದೆ ಅಂದುಕೊಂಡಿದ್ದೆ, ಬರಲಿಲ್ಲ. ನಾಚಿಕೆಯಾಯಿತು, ಮೈಯೆಲ್ಲ ಉರಿಯುವಷ್ಟು ನಾಚಿಕೆ. ನರ್ಸಮ್ಮ ಆ ಒಂದು ಕಣ್ಣಿನಿಂದ ನನ್ನನ್ನು ನೋಡಿದರು. ಬೈಯುತ್ತಾರೆ, ಹೊರಗೆ ಹೋಗಿ ಅನ್ನುತ್ತಾರೆ ಅಂತ ಕಾದೆ. ಅವರು ಕಾಲು ಸ್ವಲ್ಪ ಸರಿಸಿ, ಹಾಸಿಗೆಯ ಅಂಚಿನಲ್ಲಿ ಜಾಗ ಮಾಡಿದರು.

"ಹಾಗಾದ್ರೆ ನೀವೂ ಕೂತ್ಕೊಳ್ಳಿ" ಅಂದರು. "ಈಗ ಡಾಕ್ಟರು ಪಟ್ಟಿ ಬಿಚ್ಚೋಕೆ ಬರ್ತಾರೆ. ಇಬ್ಬರೂ ಇರಿ. ಏನಿದೆ ಅಂತ ನೋಡ್ಕೊಂಡೇ ಹೋಗಿ."

ಕೂತೆ. ಡಾಕ್ಟರು ಬಂದರು, ಚಿಕ್ಕ ವಯಸ್ಸಿನವರು, ಜೊತೆಗೆ ಟ್ರೇ ಹಿಡಿದ ಒಬ್ಬಳು. ಪಟ್ಟಿ ಬಿಚ್ಚಿದರು, ಹತ್ತಿ ತೆಗೆದರು. ಕಣ್ಣು ಕೆಂಪಗೆ, ಒದ್ದೆಯಾಗಿತ್ತು, ಪೂರ್ತಿ ತೆರೆದಿತ್ತು. ಡಾಕ್ಟರು ಬಲಗಣ್ಣನ್ನು ಅಂಗೈಯಿಂದ ಮುಚ್ಚಿ, ಮುಖದ ಎದುರಿಗೆ ಎರಡು ಬೆರಳು ಎತ್ತಿ ಹಿಡಿದು, ಏನು ಕಾಣುತ್ತೆ ಅಂತ ಕೇಳಿದರು. ನರ್ಸಮ್ಮ ನೋಡಿದರು. ಕತ್ತು ಅತ್ತ ಇತ್ತ ಆಡಿಸಿ ನೋಡಿದರು. ಅಣ್ಣ ಸ್ಟೂಲಿನ ತುದಿಗೆ ಬಂದು, ಅವರ ಬಾಯನ್ನೇ ನೋಡುತ್ತಿದ್ದ. ಅವರು ಉತ್ತರ ಕೊಟ್ಟರು, ಬಹಳ ಮೆಲ್ಲಗೆ. ಡಾಕ್ಟರು ಬೆರಳು ಇಳಿಸಿ ಹಾಳೆಯಲ್ಲಿ ಬರೆದುಕೊಂಡರು.

"ಏನಂದ್ರು?" ಅಂತ ಅಣ್ಣ ನನ್ನನ್ನು ಕೇಳಿದ.

ನಾನು ಎದ್ದು ಅವನ ಎಡಗಡೆಗೆ ಹೋಗಿ, ಕಿವಿಯ ಹತ್ತಿರ ಬಗ್ಗಿ, ಅವನಿಗೆ ಕೇಳಿಸುವಷ್ಟು ಗಟ್ಟಿಯಾಗಿ, ಅಂದರೆ ಅಲ್ಲಿದ್ದವರಿಗೆಲ್ಲ ಕೇಳಿಸುವಷ್ಟು ಗಟ್ಟಿಯಾಗಿ, ಹೇಳಿದೆ.

"ಬೆಳಕು ಕಾಣ್ತಿದೆಯಂತೆ ಅಣ್ಣ. ಬೆರಳು ಕಾಣ್ತಿಲ್ಲವಂತೆ."